ನಟ್ಟಿನ ಬಿಗಿ ಒಂದು ಕೂದಲೆಳೆಯಷ್ಟು

ನಾನು ಮಳೆ ನಂಬಿದ ಬೇಸಾಯಗಾರ. ಊರಿಗಾಂ ರೈಲ್ವೆ ಸ್ಟೇಷನ್ನಿಂದ ನಾಲ್ಕು ಮೈಲಿ ಆಚೆ ನಮ್ಮ ಹಳ್ಳಿ. ಮೊದಲು ಬಂಗಾರಪೇಟೆ ತಾಲ್ಲೂಕಾಗಿತ್ತು, ಈಗ ಕೆ.ಜಿ.ಎಫ್. ತಾಲ್ಲೂಕು. ರಾಗಿ, ಅದರ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹಿಂಗಾರಿಗೆ ಹುರುಳಿ. ಇಷ್ಟೇ ನಮ್ಮ ಬೆಳೆ. ಓದಿದ್ದು ಏಳನೇ ಕ್ಲಾಸು. ಬ್ಯಾಂಕಿನ ಸಾಲ ಮಾಡಿ ಒಂದು ಟ್ರ್ಯಾಕ್ಟರು, ಟ್ರೇಲರು ಇಟ್ಟುಕೊಂಡಿದ್ದೇನೆ. ನನ್ನ ಹೊಲದ ಕೆಲಸ ಮುಗಿದ ಮೇಲೆ ಬಾಡಿಗೆಗೂ ಹೋಗುತ್ತೇನೆ.

ಬೆಳೆಯ ವಿಷಯ ಬರೆಯದೆ ನಟ್ಟು ಬೋಲ್ಟಿನ ವಿಷಯ ಬರೆಯುತ್ತಾನಲ್ಲ ಅಂತ ಓದುವವರು ಅಂದುಕೊಳ್ಳಬಹುದು. ಚಕ್ರದ ನಟ್ಟು ಬಿಗಿಯಲು ಬರುತ್ತದೆ ಅಂತ ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಬರುತ್ತಿರಲಿಲ್ಲ ಅಂತ ಗೊತ್ತಾದ ದಿನ ನನ್ನ ಅಕ್ಕನ ಮಗನ ತೊಡೆಮೂಳೆ ಮುರಿದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು

2014ನೇ ಇಸವಿ. ಆಯುಧಪೂಜೆಗೆ ಟ್ರೇಲರಿಗೆ ಬಣ್ಣ ಬಳಿಯೋಣ ಅಂತ ಎರಡೂ ಚಕ್ರ ಬಿಚ್ಚಿದೆ. ಡಿಸ್ಕಿನ ಎರಡೂ ಮುಖಕ್ಕೆ ಕೆಂಪು ಪ್ರೈಮರು, ಅದರ ಮೇಲೆ ಎರಡು ಕೋಟು ಹಳದಿ ಬಣ್ಣ. ಹಬ್ಬಿಗೂ ಹಾಗೇ ಬಳಿದೆ. ಬೋಲ್ಟು ತುಕ್ಕು ಹಿಡಿಯದಿರಲಿ ಅಂತ ಚೆನ್ನಾಗಿ ಗ್ರೀಸು ಹಚ್ಚಿದೆ. ಚಕ್ರ ಏರಿಸಿ ಒಂದು ಕಡೆಯಿಂದ ಸುತ್ತಲೂ ಒಂದೊಂದೇ ನಟ್ಟು ಬಿಗಿದೆ. ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ಅದರ ಮೇಲೆ ಹತ್ತಿ ನಿಂತು ಕುಲುಕಿದೆ. ಇನ್ನು ಆನೆ ಬಂದರೂ ಬಿಚ್ಚಲ್ಲ ಅಂದೆ. ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು.

ಆಮೇಲೆ ಮೂರು ವಾರ ಬಾಡಿಗೆ ಹೊಡೆದೆ. ಒಂದು ದಿನವೂ ಆ ನಟ್ಟುಗಳ ಕಡೆ ತಿರುಗಿ ನೋಡಲಿಲ್ಲ. ಕೊನೆಯ ಎರಡು ದಿನ ಹಿಂದಿನಿಂದ ಕಟ ಕಟ ಅಂತ ಸದ್ದು ಬರುತ್ತಿತ್ತು. ಕೊಂಡಿಯ ಪಿನ್ನು ಸವೆದಿದೆ ಅಂತ ಸುಮ್ಮನಾದೆ.

ದೀಪಾವಳಿ ಹತ್ತಿರದಲ್ಲಿ ಪಕ್ಕದ ಹೊಲದವರ ಟೊಮೆಟೊ ಕೋಲಾರದ ಮಾರ್ಕೆಟ್ಟಿಗೆ ಹೊರಟಿತ್ತು. 15 ಕಿಲೋದ 120 ಬಾಕ್ಸು. ಅಂದರೆ ಹಣ್ಣೇ 18 ಕ್ವಿಂಟಾಲು. ಅಕ್ಕನ ಮಗ ಬಾಕ್ಸುಗಳ ಮೇಲೆ ಕೂತಿದ್ದ. ಬಂಗಾರಪೇಟೆ ರಸ್ತೆಯ ಇಳಿಜಾರಿನಲ್ಲಿ ಬರುವಾಗ ಬಲಗಡೆ ಯಾವುದೋ ಚಕ್ರ ನನ್ನ ಪಕ್ಕದಲ್ಲೇ ಓಡುತ್ತಾ ನನ್ನನ್ನು ದಾಟಿ ಮುಂದೆ ಹೋಯಿತು. ಯಾರದಪ್ಪಾ ಇದು ಅಂತ ಒಂದು ಕ್ಷಣ ನೋಡಿದೆ. ಅಷ್ಟರಲ್ಲಿ ಟ್ರೇಲರು ಬಲಕ್ಕೆ ಕುಸಿದು ಬಿತ್ತು. ಚಕ್ರ ರಸ್ತೆ ಬಿಟ್ಟು ಇಳಿದು, ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿಯ ನಾಲ್ಕು ಮಾರು ಪಕ್ಕದಲ್ಲಿ ಹಾದು ಹುಣಸೆಮರಕ್ಕೆ ಬಡಿಯಿತು.

ಹುಡುಗ ಬಾಕ್ಸುಗಳ ಅಡಿಯಲ್ಲಿದ್ದ. ತೊಡೆಗೆ ರಾಡು ಹಾಕಿದರು. ಆ ವರ್ಷದ ಐ.ಟಿ.ಐ. ಪರೀಕ್ಷೆ ಅವನಿಗೆ ತಪ್ಪಿತು. ಇವತ್ತಿಗೂ ಸ್ವಲ್ಪ ಎಳೆದು ನಡೆಯುತ್ತಾನೆ. ಲೋಡಿನ ಮೇಲೆ ಆಳು ಕೂರಿಸಿದ್ದು ನನ್ನ ಮೊದಲನೇ ತಪ್ಪು. ಉಳಿದ ತಪ್ಪುಗಳನ್ನು ಎಣಿಸಿ ಹೇಳಿದವರು ಫಿಟ್ಟರ್ ತಾತ.

ಎಷ್ಟು ಬಿಗಿದೆ?

ಫಿಟ್ಟರ್ ತಾತ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಹಳ್ಳಿಯಲ್ಲಿ ಮಗಳ ಮನೆಗೆ ಬಂದು ಇದ್ದರು. ಈಗ ಅವರಿಲ್ಲ. ಟ್ರೇಲರು ಎಳೆಸಿಕೊಂಡು ಬಂದ ಮಾರನೇ ದಿನ ಬಂದು ಹಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಟ್ಟು ಬಿಗಿದಿದ್ದು ಯಾರಪ್ಪಾ?"

"ನಾನೇ ತಾತ."

"ಎಷ್ಟು ಬಿಗಿದೆ?"

"ಪೈಪಿನ ಮೇಲೆ ಹತ್ತಿ ನಿಂತು ಬಿಗಿದೆ ತಾತ."

"ನೀನು ಎಲ್ಲಿ ನಿಂತೆ ಅಂತ ಕೇಳಲಿಲ್ಲ. ಎಷ್ಟು ಬಿಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊಬ್ಬರ ಎಷ್ಟು ಹಾಕಿದೆ ಅಂದರೆ ಎಕರೆಗೆ ಇಷ್ಟು ಗಾಡಿ ಅಂತೇವೆ. ಬೀಜ ಎಷ್ಟು ಅಂದರೆ ಇಷ್ಟು ಸೇರು ಅಂತೇವೆ. ನಟ್ಟಿಗೆ ಮಾತ್ರ "ಚೆನ್ನಾಗಿ" ಅಂತೇವೆ.

ಆರು ಬೋಲ್ಟಿನಲ್ಲಿ ಮೂರು ಬುಡದಲ್ಲೇ ಮುರಿದಿದ್ದವು. ಉಳಿದ ಮೂರರ ನಟ್ಟೇ ಇರಲಿಲ್ಲ. ತಾತ ಮುರಿದ ಮುಖ ತೋರಿಸಿದರು. ಮುಕ್ಕಾಲು ಭಾಗ ನುಣ್ಣಗೆ ಇತ್ತು, ಕಾಲು ಭಾಗ ಒರಟಾಗಿ ಹೊಳೆಯುತ್ತಿತ್ತು. "ನುಣ್ಣಗಿರೋ ಕಡೆ ದಿನಾ ಸ್ವಲ್ಪ ಸ್ವಲ್ಪ ಬಿರುಕು ಬಿಟ್ಟಿದ್ದು. ಒರಟಾಗಿರೋದು ಮಾತ್ರ ನಿನ್ನೆ ಮುರಿದಿದ್ದು" ಅಂದರು. ಕಟ ಕಟ ಸದ್ದು ಪಿನ್ನಿನದಲ್ಲ, ಇದರದು.

ಚಕ್ರ ಯಾವುದರ ಮೇಲೆ ನಿಂತಿದೆ?

ಚಕ್ರ ಬೋಲ್ಟುಗಳ ಮೇಲೆ ನೇತಾಡುತ್ತಿದೆ, ಭಾರವನ್ನೆಲ್ಲ ಬೋಲ್ಟು ಹೊರುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಬೋಲ್ಟಿನ ಕೆಲಸ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಒತ್ತಿ ಹಿಡಿದಾಗ ಎರಡು ಕಬ್ಬಿಣದ ಮುಖಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆ ಕಚ್ಚಿಕೆಯೇ ಭಾರ ಹೊರುವುದು, ಬ್ರೇಕಿನ ಎಳೆತ ತಡೆಯುವುದು.

ನಮ್ಮ ಎತ್ತಿನ ಗಾಡಿಯ ಚಕ್ರ ನೆನೆಸಿಕೊಳ್ಳಿ. ಕಮ್ಮಾರ ಕಬ್ಬಿಣದ ಪಟ್ಟಾ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ಯುತ್ತಿದ್ದ. ತಣ್ಣಗಾದ ಪಟ್ಟಾ ಕುಗ್ಗಿ ಮರವನ್ನು ಹಿಸುಕಿ ಹಿಡಿಯುತ್ತಿತ್ತು. ಆ ಹಿಡಿತ ಇರುವ ತನಕ ಗಾಡಿ ಓಡುತ್ತಿತ್ತು. ಬೇಸಿಗೆಯಲ್ಲಿ ಮರ ಒಣಗಿ ಹಿಡಿತ ಸಡಿಲವಾದರೆ ಪಟ್ಟಾ ಕಳಚಿ ಬೀಳುತ್ತಿತ್ತು.

ಬೋಲ್ಟು ಹೇಗೆ ಹಿಡಿಯುತ್ತದೆ? ನಟ್ಟು ತಿರುಗಿಸಿದಾಗ ಬೋಲ್ಟು ರಬ್ಬರಿನ ಹಾಗೆ ಉದ್ದಕ್ಕೆ ಎಳೆಯುತ್ತದೆ. ಎಳೆದ ಬೋಲ್ಟು ಮತ್ತೆ ಕುಗ್ಗಲು ನೋಡುತ್ತದೆ. ಅದೇ ಒತ್ತಡ. ಸಣ್ಣ ಕಾರಿನ 12 ಮಿಲಿಮೀಟರ್ ಬೋಲ್ಟನ್ನು ಸರಿಯಾಗಿ ಬಿಗಿದರೆ ಒಂದೊಂದು ಬೋಲ್ಟೂ ಸುಮಾರು 4 ಟನ್ ಒತ್ತುತ್ತದೆ. ಅಷ್ಟು ಒತ್ತಲು ಬೋಲ್ಟು ಎಷ್ಟು ಉದ್ದವಾಗುತ್ತದೆ ಗೊತ್ತೇ? ಹೆಚ್ಚೂಕಡಿಮೆ ಒಂದು ಕೂದಲೆಳೆಯ ದಪ್ಪದಷ್ಟು. ಅಷ್ಟೇ!

ಈ ಒಂದು ಮಾತು ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ನಾನು ಬಳಿದ ಬಣ್ಣದ ಒಂದು ಕೋಟೇ ಒಂದು ಕೂದಲೆಳೆಯಷ್ಟು ದಪ್ಪ. ಡಿಸ್ಕಿಗೆ ಮೂರು ಕೋಟು, ಹಬ್ಬಿಗೆ ಮೂರು ಕೋಟು. ಲೋಡು ಬಿದ್ದು ಬಿಸಿಯಾಗಿ ಬಣ್ಣ ನಲುಗಿ ಪುಡಿಯಾಯಿತು. ಬೋಲ್ಟು ಎಳೆದುಕೊಂಡಿದ್ದು ಒಂದು ಎಳೆ, ಬಣ್ಣ ಕುಸಿದದ್ದು ಮೂರು ನಾಲ್ಕು ಎಳೆ. ಇನ್ನು ಒತ್ತಡ ಎಲ್ಲಿ ಉಳಿಯುತ್ತೆ? ನಟ್ಟು ಒಂದಿಷ್ಟೂ ತಿರುಗದೆಯೇ ಬಿಗಿ ಹೊರಟುಹೋಯಿತು. ಆಮೇಲೆ ಡಿಸ್ಕು ಒಂದೊಂದು ಸುತ್ತಿಗೂ ಅಲುಗುತ್ತಾ ಬೋಲ್ಟನ್ನು ಆ ಕಡೆ ಈ ಕಡೆ ಬಗ್ಗಿಸಿತು. ಬೇಲಿ ತಂತಿಯನ್ನು ಕೈಯಲ್ಲಿ ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಮುರಿಯಿತು.

ಬಿಗಿಯುವ ಮೊದಲು

ಚಕ್ರ ಬಿಚ್ಚುವ ಸಂದರ್ಭ ನಮಗೆ ಬಹಳ ಬರುತ್ತದೆ. ಪಂಕ್ಚರು, ಹೊಸ ಟೈರು, ಆಯುಧಪೂಜೆ. ತೊಗರಿ ಸಾಲಿನಲ್ಲಿ ಎಡೆಕುಂಟೆ ಹೊಡೆಯಲು ಟ್ರ್ಯಾಕ್ಟರಿನ ಹಿಂದಿನ ಚಕ್ರದ ರಿಮ್ಮು ಡಿಸ್ಕು ತಿರುಗಿಸಿ ಅಗಲ ಹೆಚ್ಚುಕಡಿಮೆ ಮಾಡುತ್ತೇವೆ. ಕೆರೆ ಕೆಳಗೆ ಗದ್ದೆ ಇರುವವರು ಕೆಸರಿಗೆ ಕೇಜ್ ವೀಲು ಹಾಕುತ್ತಾರೆ, ತೆಗೆಯುತ್ತಾರೆ. ಜರ್ಮನಿಯಂತಹ ಹಿಮ ಬೀಳುವ ದೇಶಗಳಲ್ಲಿ ಕಾರು ಇರುವವರು ಚಳಿಗಾಲಕ್ಕೆ ಒಂದು ಜೊತೆ, ಬೇಸಿಗೆಗೆ ಒಂದು ಜೊತೆ ಟೈರು ಇಟ್ಟುಕೊಂಡು ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರಂತೆ. ಅಲ್ಲಿ ಕಲಿಸುವ ಪಾಠವೂ ಇದೇ: ಮುಖ ಶುಚಿ ಮಾಡು, ಲೆಕ್ಕಕ್ಕೆ ಬಿಗಿ, ಸ್ವಲ್ಪ ಓಡಿಸಿ ಮತ್ತೆ ನೋಡು. ಹಿಮವಾದರೇನು ಕೆಮ್ಮಣ್ಣಾದರೇನು, ಬೋಲ್ಟಿಗೆ ಎರಡೂ ಒಂದೇ.

1. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ನಮ್ಮ ಮಣ್ಣಿನಲ್ಲಿ ಜಾಕಿ ಇಳಿಯುತ್ತದೆ, ಅಡಿಗೆ ಗಟ್ಟಿ ಹಲಗೆ ಇಡಿ. ಟ್ರೇಲರನ್ನು ಕೊಂಡಿಯಿಂದ ಬಿಚ್ಚಬೇಡಿ. ಜಾಕಿಯೊಂದನ್ನೇ ನಂಬಿ ಅಡಿಗೆ ಕೈಕಾಲು ಹಾಕಬೇಡಿ, ಮರದ ದಿಮ್ಮಿ ಕೊಡಿ.

2. ಡಿಸ್ಕಿನ ಒಳಮುಖ, ಹಬ್ಬಿನ ಮುಖ ಎರಡನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ. ಮಣ್ಣು, ತುಕ್ಕಿನ ಪದರ, ಬಣ್ಣ ಏನೂ ಉಳಿಯಬಾರದು. ಬೇಕಾದರೆ ಉಪ್ಪು ಕಾಗದ ಹಾಕಿ. ಬಣ್ಣ ಬಳಿಯಲೇಬೇಕು ಅಂದರೆ ಹೊರಗೆ ಬಳಿಯಿರಿ. ಎರಡು ಮುಖ ಕೂಡುವ ಜಾಗ, ನಟ್ಟು ಕೂರುವ ಜಾಗ ಬಿಟ್ಟುಬಿಡಿ.

3. ಬೋಲ್ಟಿನ ಮರೆ ನೋಡಿ. ತಿಂದಿದ್ದರೆ, ಎಳೆದು ಸಣ್ಣಗಾಗಿದ್ದರೆ ಎಸೆಯಿರಿ. ಡಿಸ್ಕಿನ ತೂತು ದುಂಡಗಿರಬೇಕು. ಮೊಟ್ಟೆಯ ಹಾಗೆ ಉದ್ದವಾಗಿದ್ದರೆ ಆ ಡಿಸ್ಕು ಹೋಯಿತು ಅಂತಲೇ ಲೆಕ್ಕ. ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಬೇಡಿ.

4. ಒಂದು ಬೋಲ್ಟು ಮುರಿದಿದ್ದರೆ ಅದರ ಎಡಬಲದ್ದನ್ನೂ ಬದಲಾಯಿಸಿ. ಎರಡು ಅಥವಾ ಅದಕ್ಕಿಂತ ಹೆಚ್ಚು ಮುರಿದಿದ್ದರೆ ಎಲ್ಲವನ್ನೂ ಬದಲಾಯಿಸಿ. ಮುರಿದದ್ದರ ಭಾರವನ್ನು ಉಳಿದವು ಹೊತ್ತು ನೊಂದಿರುತ್ತವೆ. ಕಬ್ಬಿಣದ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಬೋಲ್ಟು ಚಕ್ರಕ್ಕೆ ಬೇಡ.

5. ನಟ್ಟಿನ ಮುಖ ನೋಡಿ. ಒಂದು ಕಡೆ ಇಳಿಜಾರಾಗಿ ಕೊರೆದಿದ್ದರೆ ಆ ಇಳಿಜಾರು ಡಿಸ್ಕಿನ ಕಡೆಗೇ ಬರಬೇಕು. ಉಲ್ಟಾ ಹಾಕಿದರೂ ಬಿಗಿಯಾದ ಹಾಗೇ ಕಾಣುತ್ತದೆ, ಆದರೆ ಅಂಚಿನಲ್ಲಿ ಮಾತ್ರ ಕೂತಿರುತ್ತದೆ. ಕೆಲವದರಲ್ಲಿ ಗುಂಡಾಗಿ ಇರುತ್ತದೆ. ಡಿಸ್ಕಿನ ತೂತು ಹೇಗಿದೆಯೋ ನಟ್ಟೂ ಹಾಗೇ ಇರಬೇಕು.

6. ಗ್ರೀಸು, ಎಣ್ಣೆ ಬೇಡ. ಇದನ್ನು ಕೇಳಿ ನನಗೇ ಆಶ್ಚರ್ಯವಾಯಿತು. ಸ್ಪ್ಯಾನರಿಗೆ ಹಾಕುವ ಶಕ್ತಿ ರೂಪಾಯಿ ಅಂದರೆ ತೊಂಬತ್ತು ಪೈಸೆ ಮರೆಯ ಉಜ್ಜಾಟಕ್ಕೆ, ನಟ್ಟಿನ ಅಡಿಯ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟು ಎಳೆಯಲು ಉಳಿಯುವುದು ಹತ್ತೇ ಪೈಸೆ. ಗ್ರೀಸು ಹಚ್ಚಿದರೆ ಉಜ್ಜಾಟ ಕಮ್ಮಿಯಾಗಿ ಹತ್ತು ಪೈಸೆ ಹದಿಮೂರೋ ಹದಿನೈದೋ ಆಗುತ್ತದೆ. ಅಂದರೆ ಅದೇ ಕೈಬಲಕ್ಕೆ ಬೋಲ್ಟು ತಡೆಯಲಾರದಷ್ಟು ಎಳೆಯುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಣ್ಣೆ ಹಾಕು ಅಂತ ಬರೆದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಬಿಡಿ.

ಬಿಗಿಯುವ ಸರದಿ

ಎಲ್ಲ ನಟ್ಟನ್ನೂ ಮೊದಲು ಬೆರಳಲ್ಲೇ ಐದಾರು ಸುತ್ತು ತಿರುಗಿಸಿ. ಬೆರಳಿಗೆ ಬರದ ನಟ್ಟಿಗೆ ಸ್ಪ್ಯಾನರು ಹಾಕಿದರೆ ಮರೆ ಅಡ್ಡ ಹೋಗುತ್ತದೆ.

ಒಂದರ ಪಕ್ಕ ಒಂದರಂತೆ ಸುತ್ತಲೂ ಬಿಗಿಯಬಾರದು. ಡಿಸ್ಕು ಒಂದು ಕಡೆ ಮೊದಲೇ ಕಚ್ಚಿಕೊಂಡು ಇನ್ನೊಂದು ಕಡೆ ಎದ್ದಿರುತ್ತದೆ. ಎದುರುಬದುರು ಬಿಗಿಯಬೇಕು. ಗಡಿಯಾರದ ಮುಳ್ಳು ಓಡುವ ದಿಕ್ಕಿನಲ್ಲಿ ನಟ್ಟುಗಳಿಗೆ ನಂಬರು ಕೊಟ್ಟರೆ:

4 ನಟ್ಟು ಇದ್ದರೆ: 1, 3, 2, 4
5 ನಟ್ಟು ಇದ್ದರೆ: 1, 3, 5, 2, 4
6 ನಟ್ಟು ಇದ್ದರೆ: 1, 4, 2, 5, 3, 6
8 ನಟ್ಟು ಇದ್ದರೆ: 1, 5, 3, 7, 2, 6, 4, 8

ಇದೂ ಒಂದೇ ಸಲಕ್ಕಲ್ಲ. ಚಕ್ರ ಎತ್ತಿರುವಾಗಲೇ ಮೊದಲ ಸುತ್ತು, ಡಿಸ್ಕು ಸಮನಾಗಿ ಕೂರುವಷ್ಟು ಮಾತ್ರ. ಆಮೇಲೆ ಜಾಕಿ ಇಳಿಸಿ ಟೈರು ನೆಲಕ್ಕೆ ತಾಗಿ ಚಕ್ರ ತಿರುಗದ ಹಾಗೆ ಆದಾಗ ಎರಡನೇ ಸುತ್ತು, ಅರ್ಧ ಬಿಗಿ. ಮೂರನೇ ಸುತ್ತು ಪೂರ್ತಿ ಬಿಗಿ. ಕೊನೆಗೆ ಇನ್ನೊಂದು ಸಲ ಅದೇ ಅಳತೆಗೆ ಎಲ್ಲವನ್ನೂ ಮುಟ್ಟಿ ನೋಡಿ. ಮೊದಲು ಬಿಗಿದದ್ದು ಪಕ್ಕದ್ದನ್ನು ಬಿಗಿದಾಗ ಸ್ವಲ್ಪ ಸಡಿಲವಾಗಿರುತ್ತದೆ.

ಟ್ರ್ಯಾಕ್ಟರಿನ ಹಿಂದಿನ ಚಕ್ರದಲ್ಲಿ ಎರಡು ಸಾಲು ನಟ್ಟು ಇರುತ್ತವೆ. ಹಬ್ಬಿಗೂ ಡಿಸ್ಕಿಗೂ ಒಂದು ಸಾಲು, ಡಿಸ್ಕಿಗೂ ರಿಮ್ಮಿಗೂ ಇನ್ನೊಂದು. ಎರಡರ ಅಳತೆ ಬೇರೆ ಬೇರೆ. ಸಾಲಿನ ಅಗಲ ಬದಲಾಯಿಸಿದಾಗ ರಿಮ್ಮಿನ ನಟ್ಟು ಮರೆತುಬಿಡುವವರೇ ಹೆಚ್ಚು. ಹಾಗೇ ಚಕ್ರ ತಿರುಗಿಸಿದಾಗ ಟೈರಿನ ಹಲ್ಲಿನ ದಿಕ್ಕು ಉಲ್ಟಾ ಆಗದಂತೆ ಬಾಣದ ಗುರುತು ನೋಡಿಕೊಳ್ಳಿ. ಇನ್ನೊಂದು: ಕೆಲವು ಹಳೆ ಜೀಪು, ಲಾರಿಗಳಲ್ಲಿ ಎಡಗಡೆ ಚಕ್ರಕ್ಕೆ ಎಡಮರೆ ನಟ್ಟು ಇರುತ್ತದೆ. ಬಿಚ್ಚಲಿಲ್ಲ ಅಂತ ಪೈಪು ಹಾಕುವ ಮೊದಲು ಇದನ್ನು ನೋಡಿ.

ತಕ್ಕಡಿ ಲೆಕ್ಕ

ಈಗ ತಾತನ ಪ್ರಶ್ನೆಗೆ ಬರೋಣ. ಎಷ್ಟು ಬಿಗಿಯಬೇಕು? ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವದರಲ್ಲಿ ಕಿಲೋ-ಮೀಟರ್ ಅಂತ ಇರುತ್ತದೆ. ಇದು ದಾರಿಯ ಕಿಲೋಮೀಟರ್ ಅಲ್ಲ, ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಹಾಕುವ ಕಿಲೋ ತೂಕ. ಕೆಲವದರಲ್ಲಿ ನ್ಯೂಟನ್ ಮೀಟರ್ ಅಂತ ಇರುತ್ತದೆ. ಅದನ್ನು ಹತ್ತರಿಂದ ಭಾಗಿಸಿದರೆ ಹೆಚ್ಚೂಕಡಿಮೆ ಕಿಲೋ-ಮೀಟರ್ ಆಗುತ್ತದೆ. 100 ಅಂತ ಇದ್ದರೆ 10, 200 ಅಂತ ಇದ್ದರೆ 20.

ಲೆಕ್ಕ ಏತದ ಲೆಕ್ಕವೇ. ಉದ್ದ ಗುಣಿಸು ತೂಕ.

10 ಬೇಕಾದರೆ: ಅರ್ಧ ಮೀಟರ್ ಸ್ಪ್ಯಾನರಿಗೆ 20 ಕಿಲೋ ಎಳೆತ.
20 ಬೇಕಾದರೆ: ಒಂದು ಮೀಟರಿಗೆ 20 ಕಿಲೋ, ಇಲ್ಲವೇ 80 ಸೆಂಟಿಮೀಟರಿಗೆ 25 ಕಿಲೋ.

ಬಹಳಷ್ಟು ಸಣ್ಣ ಕಾರುಗಳಿಗೆ 10ರ ಆಸುಪಾಸು ಸಾಕು. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಒಂದು ಅಳತೆ, ಹಿಂದಿನದಕ್ಕೆ ಅದಕ್ಕಿಂತ ಹೆಚ್ಚು. ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅಂದಾಜು ಬೇಡ, ನಿಮ್ಮ ಪುಸ್ತಕವನ್ನೇ ನೋಡಿ. ಪುಸ್ತಕ ಕಳೆದಿದ್ದರೆ ಡೀಲರನ್ನು ಕೇಳಿ ಅಳತೆಯನ್ನು ಮಡ್‌ಗಾರ್ಡಿನ ಒಳಗಡೆ ಬಣ್ಣದಲ್ಲಿ ಬರೆದಿಡಿ. ನಾನು ಹಾಗೇ ಮಾಡಿದ್ದೇನೆ.

ಈಗ ನನ್ನ ಪೈಪಿನ ಲೆಕ್ಕ ನೋಡಿ. ಪೈಪು ಒಂದೂವರೆ ಮೀಟರ್. ನಾನು 62 ಕಿಲೋ. ಗುಣಿಸಿದರೆ 93. ಕುಲುಕಿದ್ದರಿಂದ ಇನ್ನೂ ಹೆಚ್ಚು, ಗ್ರೀಸು ಬೇರೆ. 20 ಸಾಕಾಗಿದ್ದ ಕಡೆ ನೂರು ಹಾಕಿದ್ದೆ! ಅತಿಯಾಗಿ ಎಳೆದ ತಕ್ಕಡಿ ಸ್ಪ್ರಿಂಗು ಮತ್ತೆ ಮುಚ್ಚಿಕೊಳ್ಳದ ಹಾಗೆ ಬೋಲ್ಟು ಸೊರಗಿತು. ಸೊರಗಿದ ಬೋಲ್ಟಿಗೆ ಕುಗ್ಗಿ ಹಿಡಿಯುವ ಶಕ್ತಿ ಇರುವುದಿಲ್ಲ. ಕಮ್ಮಿ ಬಿಗಿದರೂ ಚಕ್ರ ಹೋಗುತ್ತೆ, ಜಾಸ್ತಿ ಬಿಗಿದರೂ ಹೋಗುತ್ತೆ.

ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರು ಅಂತ ಸಿಗುತ್ತದೆ. ಬಿಗಿ ಸರಿಯಾದಾಗ ಟಕ್ ಅನ್ನುತ್ತದೆ. ಒಂದು ಟ್ರ್ಯಾಕ್ಟರ್ ಟೈರಿನ ಬೆಲೆಗಿಂತ ಕಮ್ಮಿ. ನಾಲ್ಕೈದು ಮನೆಯವರು ಸೇರಿ ಒಂದು ತಂದರೆ ಊರಿಗೆಲ್ಲ ಆಗುತ್ತದೆ. ಅದು ಬರುವ ತನಕ ತಾತ ಕಲಿಸಿದ ದಾರಿ ಇದು. ಹುಣಸೆಹಣ್ಣು, ರೇಷ್ಮೆಗೂಡು ತೂಗುವ ನೇತುಹಾಕುವ ತಕ್ಕಡಿ ಎಲ್ಲರ ಮನೆಯಲ್ಲೂ ಇದೆ. ನಟ್ಟಿನ ನಡುವಿನಿಂದ ಅಳೆದು ಸ್ಪ್ಯಾನರಿನ ಮೇಲೆ ಅರ್ಧ ಮೀಟರಿಗೋ ಒಂದು ಮೀಟರಿಗೋ ಗುರುತು ಮಾಡಿ. ಸ್ಪ್ಯಾನರನ್ನು ನೆಟ್ಟಗೆ ಮೇಲ್ಮುಖವಾಗಿ ನಿಲ್ಲಿಸಿ, ಗುರುತಿನ ಜಾಗಕ್ಕೆ ತಕ್ಕಡಿಯ ಕೊಕ್ಕೆ ಹಾಕಿ ಬಲಕ್ಕೆ ನೇರವಾಗಿ ಎಳೆಯಿರಿ. ಓರೆ ಎಳೆದರೆ ಲೆಕ್ಕ ತಪ್ಪುತ್ತದೆ. ಜಗ್ಗಬೇಡಿ, ನಿಧಾನಕ್ಕೆ ಎಳೆಯಿರಿ. ಮುಳ್ಳು 20ಕ್ಕೆ ಬಂದು ನಟ್ಟು ನಿಂತರೆ ಸಾಕು. ಟಾರ್ಕ್ ಸ್ಪ್ಯಾನರಿನಷ್ಟು ನಿಖರವಲ್ಲ, ಆದರೆ ಹತ್ತಿ ಕುಣಿಯುವುದಕ್ಕಿಂತ ಸಾವಿರ ಪಾಲು ವಾಸಿ.

ಟೈರ್ ಅಂಗಡಿಯಲ್ಲಿ ಗಾಳಿ ಮಿಷನ್ನಿನಲ್ಲಿ ಬಿಗಿಸಿದರೆ ಮೊದಲೇ ಹೇಳಿ: ಮಿಷನ್ನಿನಲ್ಲಿ ಕೂರಿಸಿ ಸಾಕು, ಕೊನೆಯ ಬಿಗಿ ಕೈಯಲ್ಲೇ ಅಳತೆಗೆ ಮಾಡಿ ಅಂತ. ಸ್ವಲ್ಪ ಗೊಣಗುತ್ತಾರೆ, ಮಾಡಿಕೊಡುತ್ತಾರೆ.

ಮತ್ತೆ ನೋಡುವುದು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಷ್ಟೇ ಉಜ್ಜಿದರೂ ಎರಡು ಮುಖದ ನಡುವೆ ಏನೋ ಸಣ್ಣದು ಉಳಿದಿರುತ್ತದೆ. ಲೋಡು ಬಿದ್ದಾಗ ಅದು ಕುಸಿಯುತ್ತದೆ. ರಾಗಿ ಹುಲ್ಲು ತುಂಬಿದ ಗಾಡಿಗೆ ಹಗ್ಗ ಬಿಗಿದು ಹೊರಡುತ್ತೇವೆ. ಒಂದು ಮೈಲಿ ಹೋದ ಮೇಲೆ ಹುಲ್ಲು ಕುಗ್ಗಿ ಹಗ್ಗ ಸಡಿಲವಾಗುತ್ತದೆ. ಇಳಿದು ಮತ್ತೆ ಬಿಗಿಯುತ್ತೇವೆ. ಇದನ್ನು ನಮ್ಮಪ್ಪ ನನಗೆ ಹತ್ತು ವರ್ಷದವನಿದ್ದಾಗಲೇ ಕಲಿಸಿದ್ದ. ಅದೇ ಮಾತು ನಟ್ಟಿಗೂ ಅಂತ ನನಗೆ ಹೊಳೆಯಲು ನಲವತ್ತು ದಾಟಬೇಕಾಯಿತು.

ಕಾರಿಗೆ ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 50 ಕಿಲೋಮೀಟರ್ ಓಡಿಸಿ ಅದೇ ಅಳತೆಗೆ ಮತ್ತೆ ನೋಡಬೇಕು. ಟ್ರ್ಯಾಕ್ಟರಿಗೆ, ಟ್ರೇಲರಿಗೆ ಮೊದಲ ಒಂದು ಗಂಟೆ ಕೆಲಸ ಆದ ಮೇಲೆ ಒಂದು ಸಲ, ಮೊದಲ ಲೋಡು ಇಳಿಸಿದ ಮೇಲೆ ಒಂದು ಸಲ, ಆಮೇಲೆ ನಟ್ಟು ಒಂದಿಷ್ಟೂ ತಿರುಗದೆ ನಿಲ್ಲುವ ತನಕ ದಿನಾ ಬೆಳಿಗ್ಗೆ ನೋಡಬೇಕು. ನೋಡಲು ಸಡಿಲ ಮಾಡಬೇಕಾಗಿಲ್ಲ. ಅಳತೆಗೆ ಎಳೆದರೆ ಸಾಕು. ತಿರುಗದಿದ್ದರೆ ಸರಿಯಾಗಿದೆ. ಸ್ವಲ್ಪ ತಿರುಗಿದರೆ ಅಳತೆಗೆ ಬಂದಿತು. ದಿನಾ ತಿರುಗುತ್ತಲೇ ಇದ್ದರೆ ಒಳಗೆ ಏನೋ ಕೆಟ್ಟಿದೆ, ಬಿಚ್ಚಿ ನೋಡಿ.

ಬಿಗಿದಾದ ಮೇಲೆ ನಟ್ಟಿನಿಂದ ಡಿಸ್ಕಿನ ಮೇಲೆ ಬರುವ ಹಾಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಕಾಣುತ್ತದೆ. ಆದರೆ ನನ್ನ ಟ್ರೇಲರಿನಲ್ಲಿ ಆದ ಹಾಗೆ ನಟ್ಟು ತಿರುಗದೆಯೂ ಬಿಗಿ ಹೋಗುತ್ತದೆ. ಗೆರೆ ನೆಟ್ಟಗಿದೆ ಅಂತ ಸ್ಪ್ಯಾನರು ಹಾಕುವುದನ್ನು ಬಿಡಬೇಡಿ. ನಟ್ಟಿನ ಸುತ್ತ ತುಕ್ಕಿನ ನೀರು ಇಳಿದ ಗೆರೆ, ಹೊಳೆಯುವ ಉಜ್ಜಿದ ಗುರುತು, ಕಟ ಕಟ ಸದ್ದು, ಇವು ಮೂರರಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿಸಿ. ಮನೆಗೆ ಹೋಗಿ ನೋಡೋಣ ಅನ್ನಬೇಡಿ.

ತಾತ ಒಂದು ಮಾತು ಹೇಳುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಜನರನ್ನು ಇಳಿಸುವ ಪಂಜರದ ಹಗ್ಗವನ್ನು ದಿನಾ ನೋಡುತ್ತಿದ್ದರಂತೆ. "ನಿನ್ನೆ ನೋಡಿದ್ದೆವು ಅಂತ ಯಾರೂ ಬಿಡ್ತಿರಲಿಲ್ಲ ಕಣಪ್ಪಾ. ನಿನ್ನೆ ನೋಡಿದ್ದು ನಿನ್ನೆ ಇಳಿದೋರಿಗೆ."

ಈಗ

ಅಕ್ಕನ ಮಗ ಮುಂದಿನ ವರ್ಷ ಪರೀಕ್ಷೆ ಕಟ್ಟಿ ಪಾಸಾದ. ಈಗ ಬಂಗಾರಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಆಯುಧಪೂಜೆಗೆ ಊರಿಗೆ ಬಂದಾಗ ನನ್ನ ಟ್ರೇಲರಿನ ನಟ್ಟುಗಳನ್ನು ಅವನೇ ತಕ್ಕಡಿ ಹಾಕಿ ನೋಡುತ್ತಾನೆ. "ಮಾವ, ಇದು ಹದಿನೆಂಟಕ್ಕೇ ತಿರುಗ್ತು" ಅಂದರೆ ನಾನು ಮರುಮಾತಾಡದೆ ಸ್ಪ್ಯಾನರು ಕೊಡುತ್ತೇನೆ. ಬಣ್ಣ ಈಗಲೂ ಬಳಿಯುತ್ತೇವೆ, ಹೊರಗಡೆಗೆ ಮಾತ್ರ. ಲೋಡಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ.

ಈ ಸಲ ರಾಗಿ ಹೊರೆ ಹೊಡೆಯಲು ಟ್ರೇಲರು ಹೊರಡಿಸುವ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಪುಸ್ತಕ ತೆಗೆದು ನಿಮ್ಮ ಗಾಡಿಯ ಅಳತೆ ನೋಡಿ, ಮನೆಯ ತಕ್ಕಡಿ ತಂದು ಒಂದೊಂದೇ ನಟ್ಟು ಎಳೆದು ನೋಡಿ. ಎಷ್ಟು ಬಿಗಿದಿದ್ದೀಯಪ್ಪಾ ಅಂತ ಯಾರಾದರೂ ಕೇಳಿದರೆ ನಂಬರು ಹೇಳುವ ಹಾಗೆ ಇರಬೇಕು.